ಪರದೇಶದಲ್ಲಿ ಮನೆಯ ಸಂಪರ್ಕ

ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಹಿರಿಯರು ವಿದೇಶಕ್ಕೆ ಹೊರಡುವುದು ಇಂದು ನಮ್ಮ ಮನೆತನಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ಮುನ್ನ ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಹಪ್ಪಳ, ಸಂಡಿಗೆಗಳನ್ನು ತೂಕಕ್ಕಿಟ್ಟು ಕಟ್ಟುತ್ತೇವೆ; ಔಷಧಿಗಳನ್ನು ಎಣಿಸಿ ಇಟ್ಟುಕೊಳ್ಳುತ್ತೇವೆ. ಆದರೆ ಕಿಸೆಯಲ್ಲಿರುವ ಮೊಬೈಲು ಅಲ್ಲಿ ಹೇಗೆ ನಡೆದೀತೆಂಬ ವಿಚಾರವನ್ನು ಮಾತ್ರ ವಿಮಾನ ಇಳಿದ ಮೇಲೆ ನೋಡಿಕೊಂಡರಾಯಿತೆಂದು ಬಿಟ್ಟುಬಿಡುತ್ತೇವೆ. ನಾವೂ ಹಾಗೆ ಬಿಟ್ಟವರೇ. ಅದರಿಂದ ಕಲಿತ ಪಾಠವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

2023ರ ಬೇಸಿಗೆಯಲ್ಲಿ ನಾವೂ ನಮ್ಮ ಮನೆಯವರೂ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ಅಲ್ಲಿಯ ಸಿಮ್ಮೊಂದನ್ನು ತಂದು ನಮ್ಮ ಫೋನಿಗೆ ಹಾಕಿಕೊಟ್ಟರು. ಊರಿನ ಸಿಮ್ಮನ್ನು ಕಾಗದದಲ್ಲಿ ಸುತ್ತಿ ಮಗಳ ಮೇಜಿನ ಡ್ರಾಯರಿನಲ್ಲಿಟ್ಟೆವು. ಇಬ್ಬರೂ ಜೊತೆಯಲ್ಲಿಯೇ ಇರುವಾಗ ಎರಡು ಸಿಮ್ಮುಗಳೇಕೆಂದು ನಮ್ಮ ಮನೆಯವರ ಫೋನಿಗೆ ಏನನ್ನೂ ಹಾಕಿಸಲಿಲ್ಲ. ಮೂರು ವಾರ ಸುಖವಾಗಿ ಕಳೆಯಿತು. ಅನಂತರ ನಾವಿಬ್ಬರೂ ಪ್ರವಾಸಿಗರ ತಂಡವೊಂದನ್ನು ಸೇರಿ ಪ್ಯಾರಿಸ್ಸಿಗೂ, ಅಲ್ಲಿಂದ ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣಕ್ಕೂ ಹೊರಟೆವು. ಪ್ಯಾರಿಸ್ಸಿನಲ್ಲಿ ಚೆನ್ನಾಗಿಯೇ ನಡೆದ ಡೇಟಾ ಸ್ವಿಟ್ಜರ್ಲೆಂಡಿನ ಗಡಿ ದಾಟಿದೊಡನೆ ನಿಂತುಹೋಯಿತು. ಒಂದು ದಿನದ ಮಟ್ಟಿಗೆ ಮೊಬೈಲಿನ ಕಾಟ ತಪ್ಪಿತೆಂದು ನಕ್ಕು ಸುಮ್ಮನಾದೆವು.

ಆ ಸಂಜೆ ಹೋಟೆಲಿನ ವೈಫೈ ದೊರೆತಾಗ ಧಾರವಾಡದಿಂದ ಅಣ್ಣನವರ ಮಗ ಕಳುಹಿಸಿದ ಸಂದೇಶಗಳು ಒಂದರ ಹಿಂದೊಂದು ಬಂದವು. ಅಣ್ಣನವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ತುರ್ತಾಗಿ ಹಣ ಕಟ್ಟಬೇಕಾಗಿತ್ತು. ಕೂಡಲೇ ಬ್ಯಾಂಕಿನ ಖಾತೆ ತೆರೆದೆವು. ಬ್ಯಾಂಕು ಒಟಿಪಿ ಕೇಳಿತು. ಆ ಆರು ಅಂಕಿಗಳು ಬರಬೇಕಾದ ಸಿಮ್ಮು ಲಂಡನ್ನಿನ ಡ್ರಾಯರಿನಲ್ಲಿತ್ತು! ಮಗಳಿಗೆ ತಿಳಿಸಿ ಅದನ್ನು ಬೇರೊಂದು ಫೋನಿಗೆ ಹಾಕಿಸಿದೆವು, ಜಾಲವೇ ಸಿಗಲಿಲ್ಲ. ಹೊರಡುವ ಮುನ್ನ ರೋಮಿಂಗ್ ಸೇವೆಯನ್ನು ನಾವು ತೆರೆಸಿಯೇ ಇರಲಿಲ್ಲ. ಹಣ ಇದ್ದೂ ಇಲ್ಲದವರಾಗಿ ಕುಳಿತೆವು. ಮಧ್ಯರಾತ್ರಿ ಅಣ್ಣನವರ ಮಗನ ಕರೆ ಬಂತು: “ಕಾಕಾ, ಚಿಂತಿ ಮಾಡಬ್ಯಾಡ್ರಿ. ಬಾಜೂ ಮನಿಯವರು ರೊಕ್ಕಾ ಕಟ್ಟ್ಯಾರ.” ಒಡಹುಟ್ಟಿದವರು ಮಾಡಬೇಕಾದುದನ್ನು ನೆರೆಯವರು ಮಾಡಿದರು. ಅಣ್ಣನವರು ಗುಣಮುಖರಾದರು, ಆದರೆ ಆ ರಾತ್ರಿಯ ಸಂಕಟವನ್ನು ನಾವು ಮರೆತಿಲ್ಲ.

ತಪ್ಪು ಎಲ್ಲಿ ನಡೆಯಿತೆಂಬುದನ್ನು ತಿಳಿಯಬೇಕಾದರೆ ರೋಮಿಂಗ್ ಎಂದರೇನೆಂಬುದನ್ನು ತಿಳಿಯಬೇಕು. ನಮ್ಮ ಸಿಮ್ಮು ಊರಿನ ಕಂಪನಿ ಕೊಟ್ಟ ಗುರುತುಚೀಟಿ ಇದ್ದಂತೆ. ಪರದೇಶದಲ್ಲಿ ಫೋನು ತೆರೆದೊಡನೆ ಅಲ್ಲಿಯ ಜಾಲವು ಆ ಗುರುತನ್ನು ಓದಿ, ಇವರು ನಿಮ್ಮ ಗ್ರಾಹಕರೇ, ಇವರಿಗೆ ಸೇವೆ ಕೊಡಬಹುದೇ ಎಂದು ಊರಿನ ಕಂಪನಿಯನ್ನು ವಿಚಾರಿಸುತ್ತದೆ. ಅಲ್ಲಿಂದ ಒಪ್ಪಿಗೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ದೇಶದೇಶಗಳ ಕಂಪನಿಗಳ ನಡುವೆ ಇಂತಹ ಮೊದಲ ಒಪ್ಪಂದವು 1992ರಲ್ಲಿ ಫಿನ್‌ಲೆಂಡಿನ ಟೆಲಿಕಾಂ ಫಿನ್‌ಲೆಂಡ್ ಮತ್ತು ಬ್ರಿಟನ್ನಿನ ವೋಡಾಫೋನ್ ಕಂಪನಿಗಳ ನಡುವೆ ನಡೆಯಿತು. ಅತಿಥಿಯ ಖರ್ಚನ್ನು ಆ ಕಂಪನಿ ಈ ಕಂಪನಿಗೆ ಹಚ್ಚುತ್ತದೆ. ಈ ಕಂಪನಿ ನಮಗೆ ಹಚ್ಚುತ್ತದೆ. ಆದುದರಿಂದಲೇ ಪ್ಯಾಕ್ ಹಾಕಿಸದೆ ಡೇಟಾ ಬಳಸಿದವರಿಗೆ ಭಾರಿ ಬಿಲ್ಲು ಬರುತ್ತದೆ. ನಾವು ಫೋನನ್ನು ಮುಟ್ಟದಿದ್ದರೂ ಅದು ತನ್ನಷ್ಟಕ್ಕೆ ತಾನೇ ಚಿತ್ರಗಳನ್ನು ಕಳುಹಿಸುತ್ತ, ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತ ಇರುವುದುಂಟು.

ಡೇಟಾ ಪಡೆಯಲು ಮೂರು ದಾರಿಗಳಿವೆ. ವಾರ ಹತ್ತು ದಿನದ ಪ್ರವಾಸವಾದರೆ ಊರಿನ ಕಂಪನಿಯ ವಿದೇಶ ಪ್ಯಾಕ್ ಸುಲಭ. ಸಿಮ್ಮು ಬದಲಿಸುವ ಗೋಜಿಲ್ಲ. ತಿಂಗಳುಗಟ್ಟಲೆ ಮಕ್ಕಳ ಮನೆಯಲ್ಲಿ ಇರುವವರಿಗೆ ಆ ದೇಶದ ಸಿಮ್ಮೇ ಅಗ್ಗ. ಮೂರನೆಯದು ಇ-ಸಿಮ್, ಇದರಲ್ಲಿ ಕೈಗೆ ಸಿಗುವ ತುಣುಕೇ ಇಲ್ಲ, ಊರಿನಲ್ಲಿರುವಾಗಲೇ ಫೋನಿನೊಳಗೆ ಸೇರಿಸಿಕೊಳ್ಳಬಹುದು. ಊರಿನ ಸಿಮ್ಮು ತನ್ನ ಸ್ಥಾನದಲ್ಲಿಯೇ ಉಳಿಯುವುದು ಇದರ ದೊಡ್ಡ ಗುಣ. ಆದರೆ ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಬಹುಪಾಲಿಗೆ ಡೇಟಾ ಮಾತ್ರವಿದ್ದು, ಕರೆ ಮಾಡುವ ಸಂಖ್ಯೆ ಇರುವುದಿಲ್ಲ.

ಗಡಿ ದಾಟುವವರು ಇನ್ನೊಂದು ವಿಷಯವನ್ನು ಅರಿತಿರಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ, ಒಂದು ದೇಶದ ಸಿಮ್ಮನ್ನು ಇನ್ನೊಂದು ದೇಶದಲ್ಲಿ ಮಿತಿಯೊಳಗೆ ಸ್ವದೇಶದ ದರದಲ್ಲಿಯೇ ಬಳಸಬಹುದೆಂಬ ನಿಯಮವಿದೆ. ಒಕ್ಕೂಟದ 27 ದೇಶಗಳಿಗೂ, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳಿಗೂ ಇದು ಅನ್ವಯಿಸುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದ ಸದಸ್ಯ ದೇಶವಲ್ಲ. ನಕಾಶೆಯಲ್ಲಿ ಅದು ನಡುಮಧ್ಯದಲ್ಲಿದ್ದರೂ ಈ ನಿಯಮಕ್ಕೆ ಹೊರಗು. ಬ್ರಿಟನ್ 2020ರಲ್ಲಿ ಒಕ್ಕೂಟವನ್ನು ತೊರೆದ ಮೇಲೆ ಅಲ್ಲಿಯ ಕಂಪನಿಗಳಿಗೂ ಈ ಕಟ್ಟುಪಾಡಿಲ್ಲ. ಒಂದೊಂದು ಕಂಪನಿಯದು ಒಂದೊಂದು ದರ. ಸಿಮ್ಮು ಕೊಳ್ಳುವಾಗಲೇ ಹೋಗಲಿರುವ ಎಲ್ಲ ದೇಶಗಳ ಹೆಸರು ಹೇಳಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಮುಖ್ಯವಾದ ಮಾತು. ಊರಿನ ಮೊಬೈಲು ಸಂಖ್ಯೆಯು ಇಂದು ಮನೆಯ ಬೀಗದ ಕೈ ಇದ್ದಂತೆ. ಬ್ಯಾಂಕು, ಆಧಾರ್, ಯುಪಿಐ ಎಲ್ಲವೂ ಅದಕ್ಕೆ ಜೋಡಿಸಿರುತ್ತವೆ. ಬೀಗದ ಕೈಯನ್ನು ಬಿಟ್ಟು ಪ್ರವಾಸಕ್ಕೆ ಹೋಗುವವರುಂಟೇ? ಆದುದರಿಂದ ಆ ಸಿಮ್ಮನ್ನು ಫೋನಿನಲ್ಲಿಯೇ ಉಳಿಸಿ, ಅದರ ಡೇಟಾ ರೋಮಿಂಗನ್ನು ಮಾತ್ರ ಮುಚ್ಚಬೇಕು. ರೋಮಿಂಗ್ ಸೇವೆ ತೆರೆದಿದೆಯೇ, ಬರುವ ಸಂದೇಶಗಳಿಗೆ ದರವಿದೆಯೇ ಎಂಬುದನ್ನು ಕಂಪನಿಯಲ್ಲಿ ಮೊದಲೇ ವಿಚಾರಿಸಬೇಕು. ಪ್ಯಾಕ್ ಇಲ್ಲದಿದ್ದರೆ ಬರುವ ಕರೆಗಳನ್ನು ಎತ್ತಿದರೂ ಹಣ ಕಡಿತವಾಗುವುದೆಂಬುದು ನೆನಪಿರಲಿ.

ಆರು ತಿಂಗಳು ಅಮೆರಿಕೆಯಲ್ಲಿರುವ ಹಿರಿಯರು ರೀಚಾರ್ಜನ್ನು ಮರೆಯಬಾರದು. 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು. ಆಮೇಲೆ ಅದೇ ಸಂಖ್ಯೆ ಇನ್ನೊಬ್ಬರ ಪಾಲಾಗಬಹುದು. ಊರಿನಲ್ಲಿರುವ ಮಕ್ಕಳಿಗೋ ಸೊಸೆಗೋ ಈ ಜವಾಬ್ದಾರಿ ವಹಿಸಿದರೆ ಚಿಂತೆಯಿಲ್ಲ. ಹೊಸ ಸಿಮ್ಮು ಹಾಕಿದಾಗ ವಾಟ್ಸ್ಯಾಪ್ ಸಂಖ್ಯೆ ಬದಲಿಸುವಿರಾ ಎಂದು ಕೇಳಿದರೆ ಬೇಡವೆನ್ನಬೇಕು. ಹಳೆಯ ಸಂಖ್ಯೆಯಲ್ಲಿಯೇ ಅದು ನಡೆಯುತ್ತದೆ. ಬಂಧುಗಳ ಸಂಖ್ಯೆಗಳನ್ನು +91 ಸೇರಿಸಿ ಬರೆದಿಟ್ಟುಕೊಂಡರೆ ಯಾವ ದೇಶದಿಂದಲೂ ಕರೆ ತಲಪುತ್ತದೆ.

ಫೋನಿನ ಯೋಗ್ಯತೆಯನ್ನೂ ನೋಡಬೇಕು. ಅಮೆರಿಕೆಯ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದುದರಿಂದ ಹಳೆಯ ಬಟನ್ ಫೋನುಗಳು ಅಲ್ಲಿ ಮೂಕವಾಗಬಹುದು. ಅಲ್ಲಿಂದ ಮಕ್ಕಳು ಪ್ರೀತಿಯಿಂದ ಕಳುಹಿಸುವ ಐಫೋನುಗಳಲ್ಲಿ 2022ರ ಐಫೋನ್ 14ರಿಂದೀಚೆಗೆ ಸಿಮ್ಮು ಹಾಕುವ ಕಿಂಡಿಯೇ ಇಲ್ಲ. ಊರಿನ ಸಂಖ್ಯೆಯನ್ನೂ ಇ-ಸಿಮ್ಮಿಗೆ ಬದಲಿಸಿಕೊಳ್ಳಬೇಕಾಗುತ್ತದೆ. ಈ ಕೆಲಸವನ್ನು ಊರಿನಲ್ಲಿರುವಾಗಲೇ ಮುಗಿಸಬೇಕು.

ಇಷ್ಟೆಲ್ಲ ಮಾಡಿದರೂ ಯಂತ್ರ ಕೈಕೊಡುವ ಗಳಿಗೆ ಇದ್ದೇ ಇರುತ್ತದೆ. ನಕಾಶೆಯನ್ನು ಮುಂಚಿತವಾಗಿ ಫೋನಿಗೆ ಇಳಿಸಿಕೊಂಡರೆ ಡೇಟಾ ಇಲ್ಲದಿದ್ದರೂ ದಾರಿ ಕಾಣುತ್ತದೆ. ನಿಲ್ದಾಣಗಳ ಉಚಿತ ವೈಫೈಯಲ್ಲಿ ಕುಶಲ ವಿಚಾರಿಸಬಹುದು, ಹಣದ ವ್ಯವಹಾರ ಬೇಡ. ಯುರೋಪಿನಲ್ಲಿಯೂ ಭಾರತದಲ್ಲಿಯೂ ತುರ್ತು ಸಂಖ್ಯೆ 112, ಅಮೆರಿಕೆಯಲ್ಲಿ 911. ಈ ಕರೆಗಳಿಗೆ ಡೇಟಾ ಬೇಕಿಲ್ಲ. ದಂಪತಿಗಳಿಬ್ಬರ ಫೋನಿನಲ್ಲಿಯೂ ಸಂಪರ್ಕವಿರಲಿ. ಒಬ್ಬರ ಕೈಯಲ್ಲಿ ಫೋನು, ಇನ್ನೊಬ್ಬರ ಕೈಯಲ್ಲಿ ಚೀಲ ಎಂಬ ನಮ್ಮ ಮನೆಗಳ ಪದ್ಧತಿ ಪರದೇಶದ ಜನಜಂಗುಳಿಯಲ್ಲಿ ಅಪಾಯಕಾರಿ.

ಈಗ ನಮ್ಮಿಬ್ಬರ ಪಾಸ್‌ಪೋರ್ಟುಗಳಲ್ಲಿಯೂ ಒಂದೊಂದು ಚೀಟಿಯಿದೆ. ಮಗಳ ವಿಳಾಸ, ಮೂರು ಮನೆಗಳ ದೂರವಾಣಿ ಸಂಖ್ಯೆ, ಮೊದಲ ರಾತ್ರಿ ತಂಗುವ ಸ್ಥಳದ ಹೆಸರು ಅದರಲ್ಲಿವೆ. ಅದನ್ನು ನಮ್ಮ ಮನೆಯವರೇ ಬರೆದರು. ಅಣ್ಣನವರ ನೆರೆಮನೆಯವರ ಸಂಖ್ಯೆಯನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದಾರೆ. ಪ್ರಯಾಣಕ್ಕೆ ಸಿದ್ಧರಾಗುತ್ತಿರುವ ಓದುಗ ಬಂಧುಗಳು ರೊಟ್ಟಿ ಚಟ್ನಿ ಕಟ್ಟುವ ದಿನವೇ ಇಂತಹ ಚೀಟಿಯೊಂದನ್ನೂ ಬರೆದುಕೊಳ್ಳಲೆಂದು ಕೋರುತ್ತೇವೆ.