ನೋಟಿಸ್ ಬಂದಾಗ ಯಾರ ಬಳಿಗೆ ಓಡಬೇಕು?
ವಿಶ್ವವಿದ್ಯಾನಿಲಯಗಳ ಶಿಸ್ತು ಕ್ರಮದ ಬಗ್ಗೆ ಹೆತ್ತವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಚರ್ಚುಗಳಲ್ಲಿ ಮಕ್ಕಳನ್ನು ಪರವೂರಿನ ಹಾಸ್ಟೆಲುಗಳಲ್ಲಿ ಬಿಟ್ಟು ಓದಿಸುತ್ತಿರುವ ಕುಟುಂಬಗಳು ಬಹಳಷ್ಟಿವೆ. ಕಾಲೇಜಿನಿಂದ ಫೀಸಿನ ಪತ್ರ, ಪರೀಕ್ಷೆಯ ಅಂಕಗಳು ಬರುವುದು ಎಲ್ಲರಿಗೂ ಗೊತ್ತು. ಆದರೆ ಒಂದು ದಿನ 'ನಿಮ್ಮ ಮಗನ ಮೇಲೆ ಶಿಸ್ತು ಕ್ರಮ ಏಕೆ ಕೈಗೊಳ್ಳಬಾರದು' ಎಂಬ ನೋಟಿಸ್ ಬಂದರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಕೆಲವರು ಧರ್ಮಗುರುಗಳ ಬಳಿ ಶಿಫಾರಸು ಪತ್ರಕ್ಕೆ ಓಡುತ್ತಾರೆ, ಕೆಲವರು ಪರಿಚಯದ ರಾಜಕಾರಣಿಗೆ ಫೋನ್ ಮಾಡುತ್ತಾರೆ. ಇನ್ನು ಕೆಲವರು ಮಾನಕ್ಕೆ ಅಂಜಿ ಯಾರಿಗೂ ಹೇಳದೆ ಕುಳಿತುಬಿಡುತ್ತಾರೆ. ಈ ಓಡಾಟದ ನಡುವೆ ಉತ್ತರ ಕೊಡಬೇಕಾದ ಕೊನೆಯ ದಿನಾಂಕವೇ ದಾಟಿ ಹೋಗುತ್ತದೆ.

ಶಿಸ್ತು ಕ್ರಮದ ವಿಧಾನವನ್ನು ಕೆಲವರು ತಪ್ಪಿತಸ್ಥ ನುಣುಚಿಕೊಳ್ಳುವ ದಾರಿ ಎನ್ನುತ್ತಾರೆ. ಮತ್ತೆ ಕೆಲವರು ಆಡಳಿತ ಮಂಡಳಿ ಬೇಡವಾದವರನ್ನು ಹೊರಹಾಕಲು ಮಾಡಿಕೊಂಡ ನಾಟಕ ಎನ್ನುತ್ತಾರೆ. ಇವೆರಡೂ ಪೂರ್ತಿ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಸರಿಯಾಗಿ ನಡೆದರೆ ಈ ವಿಧಾನ ಆರೋಪಿಯನ್ನೂ ನೊಂದವರನ್ನೂ ಕಾಯುತ್ತದೆ.

ಕ್ರಮ ನಡೆಯುವ ಬಗೆ

ಪ್ರತಿ ವಿಶ್ವವಿದ್ಯಾನಿಲಯಕ್ಕೂ ತನ್ನದೇ ಆದ ನಿಯಮಾವಳಿ ಇರುತ್ತದೆ. ಆದರೂ ಮೆಟ್ಟಿಲುಗಳು ಹೆಚ್ಚು ಕಡಿಮೆ ಒಂದೇ. ಮೊದಲು ದೂರು ಅಥವಾ ವರದಿ. ಬಳಿಕ ಆರೋಪ ಏನೆಂದು ತಿಳಿಸುವ ನೋಟಿಸ್. ಅದಕ್ಕೆ ವಿದ್ಯಾರ್ಥಿಯ ಲಿಖಿತ ಉತ್ತರ. ನಂತರ ಸಮಿತಿಯ ಮುಂದೆ ವಿಚಾರಣೆ, ಸಮಿತಿಯ ವರದಿ, ಅದರ ಮೇಲೆ ಆದೇಶ, ಕೊನೆಗೆ ಮೇಲ್ಮನವಿ. ಪ್ರಕರಣ ಗಂಭೀರವಾಗಿದ್ದರೆ ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕ ಅಮಾನತು ಮಾಡುವುದೂ ಉಂಟು. ಅಮಾನತು ಆದ ಮಾತ್ರಕ್ಕೆ ತಪ್ಪು ಸಾಬೀತಾಯಿತು ಎಂದು ಅರ್ಥವಲ್ಲ.

ಇದು ಪೊಲೀಸ್ ಠಾಣೆಯೂ ಅಲ್ಲ, ನ್ಯಾಯಾಲಯವೂ ಅಲ್ಲ. ಸಾಮಾನ್ಯವಾಗಿ ಇಲ್ಲಿ ವಕೀಲರಿಗೆ ಪ್ರವೇಶವಿರುವುದಿಲ್ಲ. ಕ್ರಿಮಿನಲ್ ಮೊಕದ್ದಮೆಯಷ್ಟು ಗಟ್ಟಿ ಸಾಕ್ಷ್ಯ ಬೇಕೆಂದೂ ಇಲ್ಲ. ಆದರೆ 'ಸಹಜ ನ್ಯಾಯ'ದ ಎರಡು ತತ್ವಗಳನ್ನು ಬಿಡುವಂತಿಲ್ಲ: ಆರೋಪಿಯ ಮಾತು ಕೇಳದೆ ಶಿಕ್ಷಿಸಬಾರದು, ದೂರು ಕೊಟ್ಟವರೇ ತೀರ್ಪು ಕೊಡಬಾರದು.

ನ್ಯಾಯಾಲಯಗಳು ಹೇಳಿದ್ದೇನು?

ಉತ್ತರ ಪ್ರದೇಶದಲ್ಲಿ 1954ರ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದ ಮೂವರು ಹುಡುಗರು ಮೊದಲು ತೇರ್ಗಡೆಯಾಗಿದ್ದರು. ಬಳಿಕ ಪರೀಕ್ಷಾ ಅಕ್ರಮದ ಆರೋಪದ ಮೇಲೆ ಮಂಡಳಿ ಅವರ ಫಲಿತಾಂಶವನ್ನು ರದ್ದುಪಡಿಸಿತು, ಮರುವರ್ಷದ ಪರೀಕ್ಷೆಗೂ ಕೂರದಂತೆ ತಡೆಯಿತು. ಒಮ್ಮೆಯೂ ಅವರ ಮಾತನ್ನು ಕೇಳಿರಲಿಲ್ಲ. ವಿದ್ಯಾರ್ಥಿಯ ಭವಿಷ್ಯವನ್ನೇ ಹಾಳು ಮಾಡಬಲ್ಲ ಇಂಥ ನಿರ್ಧಾರಕ್ಕೆ ಮುನ್ನ ಆತನಿಗೆ ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪಿತ್ತಿತು. ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣವೆಂದು ಹೆಸರಾದ ಈ ತೀರ್ಪು ಇಂದಿಗೂ ದಾರಿದೀಪ.

ಹಾಗೆಂದು ಆರೋಪಿ ಕೇಳಿದ್ದನ್ನೆಲ್ಲಾ ಕೊಡಬೇಕೆಂದಿಲ್ಲ. 1972ರಲ್ಲಿ ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಕೆಲವು ಹುಡುಗರು ರಾತ್ರಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ನುಗ್ಗಿ ಅಸಭ್ಯವಾಗಿ ವರ್ತಿಸಿದರು. 36 ವಿದ್ಯಾರ್ಥಿನಿಯರು ದೂರಿತ್ತರು. ಮೂವರ ಸಮಿತಿ ಅವರ ಹೇಳಿಕೆಗಳನ್ನು ಹುಡುಗರ ಎದುರಿಗಲ್ಲದೆ ಪ್ರತ್ಯೇಕವಾಗಿ ಪಡೆಯಿತು. ಆರೋಪವೇನೆಂದು ಹುಡುಗರಿಗೆ ತಿಳಿಸಿ ಉತ್ತರ ಪಡೆಯಿತು. ಎರಡು ವರ್ಷಗಳ ಮಟ್ಟಿಗೆ ಹೊರಹಾಕಲ್ಪಟ್ಟ ಹುಡುಗರು, 'ನಮಗೆ ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಲಿಲ್ಲ' ಎಂದು ವಾದಿಸಿದರು. 1973ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಆ ಹೆಣ್ಣುಮಕ್ಕಳ ಸುರಕ್ಷತೆಯನ್ನೂ ನೋಡಬೇಕಲ್ಲವೇ?

ವಿಧಾನ ತಪ್ಪಿದರೆ ಹೆಚ್ಚು ನೋವು ಯಾರಿಗೆ? ನಮ್ಮ ನೆರೆಯ ವಯನಾಡಿನ ಪೂಕೋಡ್ ಪಶುವೈದ್ಯಕೀಯ ಕಾಲೇಜಿನಲ್ಲಿ 2024ರ ಫೆಬ್ರವರಿಯಲ್ಲಿ ಒಬ್ಬ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಹಿಂಸೆಗೊಳಗಾಗಿ ಪ್ರಾಣ ಕಳೆದುಕೊಂಡ. ಆರೋಪಿ ವಿದ್ಯಾರ್ಥಿಗಳ ಮೇಲೆ ವಿಶ್ವವಿದ್ಯಾನಿಲಯ ಕ್ರಮ ಕೈಗೊಂಡಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್, ಸಹಜ ನ್ಯಾಯದ ಪಾಲನೆ ಆಗಿಲ್ಲವೆಂದು ಆ ಆದೇಶವನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಸೂಚಿಸಿತು. ಮಗನನ್ನು ಕಳೆದುಕೊಂಡ ತಾಯಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅವಸರದ ಶಿಕ್ಷೆ ನೊಂದವರಿಗೇ ಹೊರೆಯಾದುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಕಿಲ್ಲ.

ರ್‍ಯಾಗಿಂಗ್: 'ನಾನು ನೋಡುತ್ತಿದ್ದೆ ಅಷ್ಟೇ'

ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ್‍ಯಾಗಿಂಗಿಗೆ ಬಲಿಯಾದ 2009ರಲ್ಲೇ ಯುಜಿಸಿ ಕಠಿಣ ನಿಯಮಗಳನ್ನು ತಂದಿತು. ಶಿಕ್ಷೆ ತರಗತಿಯಿಂದ ಅಮಾನತಿನಿಂದ ಆರಂಭವಾಗಿ ವಿದ್ಯಾರ್ಥಿವೇತನಕ್ಕೆ ತಡೆ, ಫಲಿತಾಂಶಕ್ಕೆ ತಡೆ, ಹಾಸ್ಟೆಲಿನಿಂದ ಉಚ್ಚಾಟನೆ, ಒಂದರಿಂದ ನಾಲ್ಕು ಸೆಮಿಸ್ಟರ್ ಹೊರಗಿಡುವುದು, ಪ್ರವೇಶಾತಿಯ ರದ್ದತಿಯವರೆಗೂ ಹೋಗಬಹುದು. ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಇಡೀ ಗುಂಪಿಗೇ ಶಿಕ್ಷೆ ವಿಧಿಸಲು ಅವಕಾಶವಿದೆ. 'ನಾನು ಕೈ ಮಾಡಲಿಲ್ಲ, ಬದಿಯಲ್ಲಿ ನಿಂತು ನೋಡುತ್ತಿದ್ದೆ ಅಷ್ಟೇ' ಎಂಬ ಮಾತು ನಮ್ಮ ಮಕ್ಕಳನ್ನು ಉಳಿಸದು.

ಕ್ರಿಮಿನಲ್ ಅಪರಾಧವೆಂದು ಕಂಡುಬಂದರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಗಳೊಳಗೆ ಪೊಲೀಸರಿಗೆ ದೂರು ನೀಡಬೇಕು. ಕಾಲೇಜಿನ ಒಳಗೇ ಮುಗಿಸಿಬಿಡೋಣ ಎನ್ನುವಂತಿಲ್ಲ. ಸಂತ್ರಸ್ತರು 1800-180-5522 ಸಂಖ್ಯೆಗೆ ಉಚಿತ ಕರೆ ಮಾಡಬಹುದು. ಕಾಲೇಜು ವಿಧಿಸಿದ ಶಿಕ್ಷೆಯ ವಿರುದ್ಧ ಕುಲಪತಿಗೆ, ವಿಶ್ವವಿದ್ಯಾನಿಲಯದ ಆದೇಶದ ವಿರುದ್ಧ ಕುಲಾಧಿಪತಿಗೆ ಮೇಲ್ಮನವಿ ಸಲ್ಲಿಸಬಹುದು.

ಸಂಸ್ಥೆಯೇ ತನ್ನ ನಿಯಮ ಮೀರಿದರೆ? 2023ರ ಯುಜಿಸಿ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನದಲ್ಲಿರುತ್ತಾರೆ. ಈ ದಾರಿ ಇದೆಯೆಂದು ಎಷ್ಟು ಹೆತ್ತವರಿಗೆ ಗೊತ್ತು?

ನಾವು ಮಾಡಬೇಕಾದದ್ದು

ನೋಟಿಸ್ ಬಂದ ದಿನವೇ ಅದನ್ನು ಪೂರ್ತಿ ಓದಿ, ಉತ್ತರದ ದಿನಾಂಕ ಗುರುತಿಸಬೇಕು. ಮಗ ಅಥವಾ ಮಗಳನ್ನು ಕೂರಿಸಿ ನಡೆದದ್ದನ್ನು ಬೈಯದೆ ಕೇಳಬೇಕು. ಉತ್ತರ ಬರವಣಿಗೆಯಲ್ಲೇ ಇರಲಿ, ಸತ್ಯವಿರಲಿ, ಸ್ವೀಕೃತಿ ಪಡೆದ ಪ್ರತಿ ಮನೆಯಲ್ಲಿರಲಿ. 'ಸಹಿ ಹಾಕು, ಎಲ್ಲಾ ಮುಗಿಯುತ್ತದೆ' ಎಂದು ಯಾರೋ ಹೇಳಿದರೆಂದು ಓದದ ತಪ್ಪೊಪ್ಪಿಗೆಗೆ ಸಹಿ ಹಾಕಬಾರದು. ತಪ್ಪು ನಡೆದಿದ್ದರೆ ಅದನ್ನು ಒಪ್ಪಿಕೊಂಡು ಶಿಕ್ಷೆಯ ಪ್ರಮಾಣದ ಬಗ್ಗೆ ಮನವಿ ಮಾಡಿಕೊಳ್ಳುವುದೇ ಲೇಸು. ಚೀಟಿ ಇಟ್ಟುಕೊಂಡವನನ್ನು ಶಿಫಾರಸಿನಿಂದ ಬಿಡಿಸಿ ತಂದರೆ ಆತ ಕಲಿಯುವುದಾದರೂ ಏನು?

ಧರ್ಮಗುರುಗಳು, ಗುರಿಕಾರರು, ಯುವ ಸಂಘಟನೆಗಳ ಮುಂದಾಳುಗಳು ಶಿಫಾರಸು ಪತ್ರಕ್ಕಿಂತ ದೊಡ್ಡ ನೆರವು ನೀಡಬಲ್ಲರು. ಗಾಬರಿಗೊಂಡ ಮನೆಗೆ ಹೋಗಿ ಜೊತೆಯಲ್ಲಿ ಕುಳಿತು ಉತ್ತರ ಬರೆಯಲು ಸಹಾಯ ಮಾಡಬಹುದು. ಅವಮಾನದಿಂದ ಕುಗ್ಗಿದ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ನೋಡಿಕೊಳ್ಳಬಹುದು. ದೂರು ಕೊಟ್ಟ ಮಗುವೂ ನಮ್ಮದೇ ಎಂಬುದನ್ನು ಮರೆಯದಿರೋಣ.

ಕೊನೆಯದಾಗಿ, ಕರಾವಳಿಯಲ್ಲಿ ನಮ್ಮವರೇ ನಡೆಸುವ ಕಾಲೇಜುಗಳೂ ಇವೆ. ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕಿದೆ, ಆದರೆ ಅದು ಕೆಟ್ಟ ಆಡಳಿತ ನಡೆಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಶಿಸ್ತಿಗೆ ಹೆಸರಾದ ನಮ್ಮ ಸಂಸ್ಥೆಗಳು, ಶಿಕ್ಷೆಗೆ ಮುನ್ನ ಕೇಳಿಸಿಕೊಳ್ಳುವುದಕ್ಕೂ ಹೆಸರಾಗಬೇಕು. ಬೇರೆಯವರ ಸಂಸ್ಥೆಯಲ್ಲಿ ನಮ್ಮ ಮಗುವಿಗೆ ಯಾವ ನ್ಯಾಯ ಸಿಗಲಿ ಎಂದು ಬಯಸುತ್ತೇವೋ, ಅದೇ ನ್ಯಾಯ ನಮ್ಮ ಸಂಸ್ಥೆಯಲ್ಲಿ ಬೇರೆಯವರ ಮಗುವಿಗೂ ಸಿಗಲಿ.