ಪುಸ್ತಕದ ಪೂಜೆ, ಪುಸ್ತಕದ ಓದು

ನಮ್ಮ ನಾಡಿನಲ್ಲಿ ಪುಸ್ತಕಕ್ಕೆ ದೊರೆಯುವ ಮರ್ಯಾದೆ ಸಾಮಾನ್ಯವಾದುದಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಕೂಡಲೇ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಮಹಾನವಮಿಯ ಖಂಡೇಪೂಜೆಯ ದಿನ ರೈತನು ಕುಂಟೆ, ಕೂರಿಗೆಗಳನ್ನೂ ಬಡಿಗನು ಬಾಚಿ, ಉಳಿಗಳನ್ನೂ ವ್ಯಾಪಾರಿಯು ತಕ್ಕಡಿಯನ್ನೂ ಪೂಜಿಸುವಾಗ ಮನೆಯ ಮಕ್ಕಳ ಪುಸ್ತಕಗಳಿಗೂ ಅರಿಷಿಣ, ಕುಂಕುಮಗಳು ಏರುತ್ತವೆ. ಆದರೆ ಇಲ್ಲಿ ಒಂದು ವ್ಯತ್ಯಾಸವುಂಟು. ಪೂಜೆ ಮುಗಿದ ಮೇಲೆ ಕೂರಿಗೆ ಹೊಲಕ್ಕೆ ಹೋಗುತ್ತದೆ, ಉಳಿ ಕಟ್ಟಿಗೆಯನ್ನು ಕೆತ್ತುತ್ತದೆ, ತಕ್ಕಡಿ ಕಾಳನ್ನು ತೂಗುತ್ತದೆ. ಪುಸ್ತಕವಾದರೋ ಎಷ್ಟೋ ಮನೆಗಳಲ್ಲಿ ಮತ್ತೆ ಮಾಡದ ಮೇಲೆ ಕುಳಿತು ಮುಂದಿನ ವರುಷದ ಪೂಜೆಗೆ ಕಾಯುತ್ತದೆ.

ಪುಸ್ತಕವನ್ನು ಪೂಜಿಸಬಾರದೆಂದು ನಾನು ಹೇಳುತ್ತಿಲ್ಲ. ಪೂಜೆಯಿಂದ ಹಾಳೆ ಉಳಿಯಬಹುದು. ಹಾಳೆಯ ಮೇಲಿನ ಮಾತು ಉಳಿಯಬೇಕಾದರೆ ಅದನ್ನು ಯಾರಾದರೂ ಓದಬೇಕು. ಅನೇಕ ವರ್ಷಗಳ ಓದಿನಿಂದ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವ ಅಭಿಪ್ರಾಯ ಇದು. ಇದಕ್ಕೆ ಸಾಕ್ಷಿಯನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಭೀಮೆ ಮತ್ತು ಕೃಷ್ಣೆಯರ ನಡುವೆ ಹಬ್ಬಿರುವ ನಮ್ಮ ಎರೆಯ ಸೀಮೆಯಲ್ಲಿಯೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಸುಪಾಸಿನಲ್ಲಿಯೇ ಅದು ದೊರೆಯುತ್ತದೆ.

ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ಎಲ್ಲರೂ ಬಲ್ಲರು. ಅವರೂ ಅವರ ಕಾಲದ ಶರಣರೂ 12ನೆಯ ಶತಮಾನದಲ್ಲಿ ನುಡಿದ ವಚನಗಳನ್ನು ಇಂದು ನೀವು ನಿಮ್ಮ ತರಗತಿಯಲ್ಲಿ ಕುಳಿತು ಓದುತ್ತೀರಿ. ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಇದು ಇಷ್ಟು ಸುಲಭವಾಗಿರಲಿಲ್ಲ. ವಚನಗಳ ತಾಳೆಗರಿಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಚದುರಿಹೋಗಿದ್ದವು. ಎಷ್ಟೋ ಕಡೆ ಅವುಗಳನ್ನು ಅರಿವೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ ಪೂಜಿಸುತ್ತಿದ್ದರು. ಗಂಟಿನೊಳಗೆ ಏನಿದೆ ಎಂಬುದು ಮಾತ್ರ ಆ ಮನೆಯವರಿಗೂ ತಿಳಿದಿರಲಿಲ್ಲ.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಇಂಥ ಗಂಟುಗಳನ್ನು ಹುಡುಕಿಕೊಂಡು ಊರೂರು ಅಲೆದರು. ದೊರೆತ ಗರಿಗಳನ್ನು ಓದಿದರು, ಪ್ರತಿ ಮಾಡಿದರು, ಒಂದನ್ನೊಂದು ಹೋಲಿಸಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಅವರು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ವಕೀಲಿಯಿಂದ ಗಳಿಸಬಹುದಾಗಿದ್ದ ಹಣ ಹೋಯಿತು. ಅದುವರೆಗೆ ಹೆಸರೇ ಕೇಳದಿದ್ದ ಎಷ್ಟೋ ಶರಣ ಶರಣೆಯರ ಮಾತು ಕನ್ನಡಿಗರಿಗೆ ಬಂದಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಆ ಮನೆಯವರು ಗಂಟುಗಳನ್ನು ಭಕ್ತಿಯಿಂದ ಕಾಯದಿದ್ದರೆ ಹಳಕಟ್ಟಿಯವರಿಗೆ ದೊರೆಯುತ್ತಿದ್ದುದಾದರೂ ಏನು? ಈ ಮಾತು ನಿಜ. ಭಕ್ತಿಯು ಆ ಗರಿಗಳನ್ನು ಬೆಂಕಿಯಿಂದಲೂ ಮಾರುವವರ ಕೈಯಿಂದಲೂ ಕಾಪಾಡಿತು. ಆದರೆ ತಾಳೆಗರಿಗೂ ಆಯುಷ್ಯವಿದೆ. ಅದಕ್ಕೆ ಹುಳು ಬೀಳುತ್ತದೆ, ಅಂಚು ಮುರಿಯುತ್ತದೆ, ಅಕ್ಷರ ಮಾಸುತ್ತದೆ. ಹಿಂದಿನವರು ಆಗಾಗ ಗರಿಗಳನ್ನು ಬಿಚ್ಚಿ, ಎಣ್ಣೆ ಸವರಿ, ಹಳತಾದುದರಿಂದ ಹೊಸ ಪ್ರತಿ ತೆಗೆಯುತ್ತಿದ್ದರು. ಓದಲು ಬಾರದವನು ಪ್ರತಿ ಮಾಡಲಾರನು. ಓದುವವನು ಇಲ್ಲವಾದ ಮನೆಯಲ್ಲಿ ಗಂಟು ಜಗಲಿಯ ಮೇಲೆಯೇ ಇದ್ದು ಒಳಗೊಳಗೇ ಪುಡಿಯಾಯಿತು. ಹಾಗೆ ಅಳಿದುಹೋದ ಗ್ರಂಥಗಳ ಲೆಕ್ಕವನ್ನು ಯಾರೂ ಹೇಳಲಾರರು.

ಗರಿಗಳು ದೊರೆತ ಮೇಲೂ ಓದುಗನ ಕೆಲಸ ಮುಗಿಯುವುದಿಲ್ಲ. ಒಂದೇ ವಚನ ಒಂದು ಪ್ರತಿಯಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಮತ್ತೊಂದು ಬಗೆಯಾಗಿ ಇರುತ್ತದೆ. ಅವುಗಳಲ್ಲಿ ಮೂಲಕ್ಕೆ ಹತ್ತಿರವಾದುದು ಯಾವುದೆಂದು ನಿರ್ಣಯಿಸಲು ತಾಳ್ಮೆ ಬೇಕು. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ತಮ್ಮ ಜೀವಮಾನದ ಬಹುಭಾಗವನ್ನು ಇಂಥ ಕೆಲಸಕ್ಕೇ ಮೀಸಲಿಟ್ಟರು. ಸಾಮಾನ್ಯ ಓದುಗನಿಗೆ ಅಷ್ಟು ಪಾಂಡಿತ್ಯ ಬೇಕಿಲ್ಲ. ಆದರೆ ಅಚ್ಚಾದುದೆಲ್ಲ ಸತ್ಯವೆಂದು ನಂಬದೆ ಒಂದು ಕ್ಷಣ ನಿಂತು ಕೇಳುವ ಅವರ ಬುದ್ಧಿ ನಮಗೂ ಬೇಕು.

ಇನ್ನು ಇಂಡಿ ಸೀಮೆಯ ಹಲಸಂಗಿಯ ಕಡೆಗೆ ಬರೋಣ. ಅಲ್ಲಿ ಪುಸ್ತಕ ದೊರೆತ ಬಗೆ ಇದಕ್ಕಿಂತ ವಿಚಿತ್ರವಾದುದು. ಅದು ಗರಿಯ ಮೇಲೂ ಇರಲಿಲ್ಲ, ಕಾಗದದ ಮೇಲೂ ಇರಲಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿತ್ತು. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರ ಬಳಗವು ಆ ಹಾಡುಗಳಿಗೆ ಕಿವಿಗೊಟ್ಟಿತು. ಅವುಗಳಲ್ಲಿ ತವರಿನ ಹಂಬಲ, ತಾಯಿಯ ಮಮತೆ, ಅಣ್ಣತಮ್ಮಂದಿರ ನೆನಪು, ಅತ್ತೆಯ ಮನೆಯ ದುಃಖ ಎಲ್ಲವೂ ಮೂರು ಮೂರು ಸಾಲುಗಳಲ್ಲಿ ಅಡಗಿದ್ದವು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾದಾಗ ಕನ್ನಡದ ದೊಡ್ಡ ಕವಿಗಳೂ ಬೆರಗಾದರು. ಅಕ್ಷರ ಬಾರದವರು ಇಂಥ ಕಾವ್ಯವನ್ನು ಕಟ್ಟಿದ್ದರು!

ಈ ಹಾಡುಗಳನ್ನು ಯಾರೂ ಪೂಜಿಸಿದವರಲ್ಲ. ದಿನವೂ ಹಾಡಿದ್ದರಿಂದಲೇ ಅವು ತಲೆಮಾರುಗಳನ್ನು ದಾಟಿ ಬಂದವು. ಮುಂದೆ ಹಿಟ್ಟಿನ ಗಿರಣಿಗಳು ಊರೂರಿಗೆ ಬಂದವು. ಹೆಣ್ಣುಮಕ್ಕಳ ರಟ್ಟೆಯ ಶ್ರಮ ಕಡಿಮೆಯಾಯಿತು. ಅದು ಒಳ್ಳೆಯದೇ. ಆದರೆ ಬೀಸುವ ಕಲ್ಲಿನ ಜೊತೆಗೆ ಹಾಡೂ ಮೂಲೆಗೆ ಸರಿಯಿತು. ಬಳಸಿದ ಮಾತು ಬದುಕುತ್ತದೆ, ಬಳಕೆ ನಿಂತಾಗ ಬರಹ ಅದನ್ನು ಕಾಯುತ್ತದೆ, ಬರಹವನ್ನು ಓದುಗನು ಮತ್ತೆ ಬಳಕೆಗೆ ತರುತ್ತಾನೆ. ಈ ಮೂರರಲ್ಲಿ ಕೊನೆಯ ಕೆಲಸ ನಿಮ್ಮದು, ನನ್ನದು.

ಹಳಕಟ್ಟಿಯವರ ಹಾಗೆ ತಾಳೆಗರಿಗಳನ್ನು ಶೋಧಿಸುವ ಭಾಗ್ಯ ನನಗೆ ದೊರೆತಿಲ್ಲ. ನನ್ನ ಶೋಧನೆಗಳೆಲ್ಲ ಬಸ್ ನಿಲ್ದಾಣದ ಪುಸ್ತಕದ ಗೂಡುಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ರದ್ದಿ ಕಾಗದದ ರಾಶಿಗಳಲ್ಲಿ ನಡೆದವು. ಒಮ್ಮೆ ಮುದ್ದೇಬಿಹಾಳದ ರದ್ದಿ ಅಂಗಡಿಯೊಂದರಲ್ಲಿ ಮುಖಪುಟವಿಲ್ಲದ, ಮೊದಲಿನ ಕೆಲವು ಹಾಳೆಗಳೂ ಇಲ್ಲದ ದಪ್ಪ ಪುಸ್ತಕವೊಂದು ಕಣ್ಣಿಗೆ ಬಿತ್ತು. ಅಂಗಡಿಯವನು ಅದನ್ನು ತೂಕದ ಲೆಕ್ಕದಲ್ಲಿಯೇ ಕೊಟ್ಟನು. ಲೇಖಕರು ಯಾರೆಂದು ತಿಳಿಯದೆಯೇ ನಾನು ಅದನ್ನು ಓದಿ ಮುಗಿಸಿದೆನು. ಅದು ರಾವಬಹಾದ್ದೂರರ ‘ಗ್ರಾಮಾಯಣ’ವೆಂದು ಆಮೇಲೆ ತಿಳಿಯಿತು.

1957ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಒಬ್ಬ ನಾಯಕನಿಲ್ಲ. ಇಡೀ ಹಳ್ಳಿಯೇ ನಾಯಕ. ಒಗ್ಗಟ್ಟಾಗಿದ್ದ ಊರು ದ್ವೇಷದಿಂದಲೂ ದುರಾಸೆಯಿಂದಲೂ ಹೇಗೆ ಒಡೆಯುತ್ತದೆ ಎಂಬುದನ್ನು ಲೇಖಕರು ಯಾರ ಪಕ್ಷವನ್ನೂ ವಹಿಸದೆ ತೋರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಭಾಷೆ. ನಮ್ಮ ಓಣಿಯ ಕಟ್ಟೆಯ ಮೇಲೆ ಕೇಳಿಬರುವ ಮಾತೇ ಅಲ್ಲಿ ಅಚ್ಚಾಗಿತ್ತು. ನಮ್ಮ ಸೀಮೆಯ ಹುಡುಗರಲ್ಲಿ, ತಮ್ಮ ಮಾತು ಒರಟು, ಪುಸ್ತಕಕ್ಕೆ ತಕ್ಕುದಲ್ಲ ಎಂಬ ಸಂಕೋಚ ಎಷ್ಟೋ ಕಾಲದಿಂದ ಇದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಅವರು ಅಂಜುತ್ತಾರೆ. ಈ ಸಂಕೋಚಕ್ಕೆ ಉಪದೇಶಕ್ಕಿಂತ ಇಂಥ ಕಾದಂಬರಿಯೇ ಒಳ್ಳೆಯ ಔಷಧ. ಗಡಿನಾಡ ಬೆಳಗಾವಿಯ ರೈತ ಜೀವನವನ್ನು ಚಿತ್ರಿಸಿದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವನ್ನೂ ಇದೇ ಕಾರಣಕ್ಕಾಗಿ ನಾನು ಮೆಚ್ಚುತ್ತೇನೆ.

ಹಾಗೆಂದು ನಮ್ಮ ಊರಿನ ಕಥೆಗಳನ್ನಷ್ಟೇ ಓದಿದರೆ ಸಾಲದು. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆ. 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯ ಬಾಳನ್ನು ನಾವು ಊಹಿಸುವುದು ಹೇಗೆ? ಸಮುದ್ರವನ್ನು ಕಣ್ಣಿನಿಂದ ಕಾಣುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ನಾನು ಅದರ ಸದ್ದನ್ನು ಕೇಳಿದ್ದೆನು. 1933ರ ‘ಚೋಮನ ದುಡಿ’ಯನ್ನು ಓದಿದಾಗ ಇನ್ನೊಂದು ವಿಷಯ ಹೊಳೆಯಿತು. ಚೋಮನ ಕಾಡು, ಮಳೆ, ಗದ್ದೆ ಎಲ್ಲವೂ ನಮಗೆ ಅಪರಿಚಿತ. ಆದರೆ ತನ್ನದೆಂಬ ತುಂಡು ನೆಲವನ್ನು ಉಳಬೇಕೆಂಬ ಅವನ ಆಸೆ, ಜಾತಿಯ ಕಾರಣದಿಂದ ಅದು ಕೈಗೂಡದೆ ಹೋದ ಸಂಕಟ ನಮ್ಮ ಎರೆ ಹೊಲಗಳಿಗೆ ಅಪರಿಚಿತವಲ್ಲ. ದೂರದ ಕಥೆಯೆಂದು ತೆರೆದ ಪುಸ್ತಕ ನಮ್ಮ ಊರನ್ನೇ ಹೊಸ ಕಣ್ಣಿನಿಂದ ನೋಡುವಂತೆ ಮಾಡಿತು.

ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆ ಎನ್ನುವ ಹಿರಿಯರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರ ಮಾತನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ಹೊತ್ತು ಕಳೆಯಲೆಂದೇ ಬರೆದ, ಓದಿದ ಮರುದಿನ ನೆನಪಿನಿಂದ ಜಾರಿಹೋಗುವ ಕಾದಂಬರಿಗಳು ಬೇಕಾದಷ್ಟಿವೆ. ಆದರೆ ಕಳೆ ಬೆಳೆಯುತ್ತದೆಂದು ಯಾರೂ ಬಿತ್ತುವುದನ್ನು ಬಿಡುವುದಿಲ್ಲ. ನಮ್ಮ ಭಾಗದಲ್ಲಿ ಓದುಬರಹವೆಲ್ಲ ಬಹುಮಟ್ಟಿಗೆ ಮರಾಠಿಯಲ್ಲಿಯೇ ನಡೆಯುತ್ತಿದ್ದ ಕಾಲವೊಂದಿತ್ತು. ಆಗ ಗಳಗನಾಥರು (1869–1942) ಕನ್ನಡದಲ್ಲಿ ಕಾದಂಬರಿಗಳನ್ನು ಬರೆದು, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರಿಂದೂರಿಗೆ ತಿರುಗಿ ಮಾರಿದರು. ಹಾಗೆ ಕೊಂಡು ಓದಿದವರು ಕೆಡಲಿಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡದ ಓದುಗರಾದರು.

ಮೆಚ್ಚಿದ ಲೇಖಕನೊಡನೆಯೂ ಜಗಳವಾಡುವ ಹಕ್ಕು ಓದುಗನಿಗಿದೆ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ನಾನು ಹಲವು ಸಲ ಓದಿದ್ದೇನೆ. ಅದರ ನಾಯಕನಾದ ಸಂಗೀತಗಾರ ಲಕ್ಷ್ಮಣನ ಒಳ್ಳೆಯತನ ಕೆಲವೆಡೆ ಅತಿಯಾಯಿತೆಂದೇ ನನಗೆ ತೋರುತ್ತದೆ. ನಿತ್ಯದ ಬಾಳಿನಲ್ಲಿ ಒಳ್ಳೆಯವರಿಗೂ ಸಿಟ್ಟು, ಸಣ್ಣತನಗಳು ಇರುತ್ತವೆ. ಆದರೂ ಹಾಡುಗಾರಿಕೆಯನ್ನು ಕಿವಿಗೊಟ್ಟು ಕೇಳಬೇಕೆಂಬ ಆಸೆಯನ್ನು ನನ್ನಲ್ಲಿ ಹುಟ್ಟಿಸಿದ್ದು ಆ ಪುಸ್ತಕವೇ. ಕೊರತೆಯನ್ನು ಕಾಣುವುದರಿಂದ ಪುಸ್ತಕದ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಪೂಜಿಸುವವನು ಪ್ರಶ್ನಿಸಲಾರನು, ಓದುವವನು ಪ್ರಶ್ನಿಸದೆ ಇರಲಾರನು.

ನನ್ನ ಓದಿನ ಪದ್ಧತಿಯಲ್ಲಿ ಗುಟ್ಟೇನೂ ಇಲ್ಲ. ರಾತ್ರಿ ಊಟವಾದ ಮೇಲೆ ಇಪ್ಪತ್ತು ಪುಟಗಳನ್ನಾದರೂ ಓದುತ್ತೇನೆ. ಐವತ್ತು ಪುಟಗಳಾದರೂ ಹಿಡಿಸದ ಪುಸ್ತಕವನ್ನು ಬದಿಗಿಟ್ಟು, ವರ್ಷ ಕಳೆದ ಮೇಲೆ ಮತ್ತೊಮ್ಮೆ ತೆರೆದು ನೋಡುತ್ತೇನೆ. ಮನಸ್ಸಿಗೆ ತಟ್ಟಿದ ಮಾತನ್ನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಓದಿದುದನ್ನು ಗೆಳೆಯನೊಬ್ಬನಿಗೆ ಹೇಳದಿದ್ದರೆ ಓದು ಅರ್ಧವೇ ಆದಂತೆ. ಶ್ರಾವಣದಲ್ಲಿ ನಮ್ಮ ಗುಡಿಗಳಲ್ಲಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರಲ್ಲವೆ? ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರಿನವರು ಕೇಳುತ್ತಾರೆ, ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಚರ್ಚಿಸುತ್ತಾರೆ. ಕೂಡಿ ಓದುವ ಆ ಹಳೆಯ ಪದ್ಧತಿಯನ್ನು ಕಾದಂಬರಿಗೂ ಏಕೆ ಅನ್ವಯಿಸಬಾರದು?

ಪುಸ್ತಕ ಕೊಳ್ಳಲು ಹಣವಿಲ್ಲವೆಂದು ನೀವು ಹೇಳಬಹುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಮನೆ, ಕಟ್ಟಡಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಸೇರಿಸಿದೆ. ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಲ್ಲಿ ನಿಮ್ಮ ಹಿರಿಯರು ಕೊಟ್ಟ ಹಣವೂ ಸೇರಿದೆ. ಅಲ್ಲಿಗೆ ಹೋಗಿ ಪುಸ್ತಕ ಕೇಳುವುದು ಬೇಡುವುದಲ್ಲ, ನಿಮ್ಮದನ್ನು ನೀವು ಪಡೆಯುವುದು. ನಾನು ಕಂಡ ಒಂದು ಶಾಲೆಯಲ್ಲಿ, ಮಕ್ಕಳು ಹರಿದಾರೆಂಬ ಭಯದಿಂದ ಪುಸ್ತಕಗಳ ಕಪಾಟಿಗೆ ವರ್ಷವಿಡೀ ಬೀಗ ಹಾಕಿದ್ದರು. ಪುಸ್ತಕಗಳು ಹರಿಯಲಿಲ್ಲ, ಗೆದ್ದಲು ಅವನ್ನು ತಿಂದಿತು. ಓದಿ ಹರಿದ ಪುಸ್ತಕವನ್ನು ಅಂಟಿಸಬಹುದು, ಹೊಸದನ್ನು ತರಿಸಬಹುದು. ಓದುವ ವಯಸ್ಸು ಕಳೆದುಹೋದ ಮಕ್ಕಳನ್ನು ಮತ್ತೆ ತರಲಾಗದು.

ಇಂದು ಸಾವಿರಾರು ವಚನಗಳು, ನೂರಾರು ಪುಸ್ತಕಗಳು ಅಂಗೈಯಗಲದ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತವೆ. ಹಳಕಟ್ಟಿಯವರು ಒಂದು ಗಂಟಿಗಾಗಿ ನಡೆದ ದಾರಿಯನ್ನು ನಾವು ನಡೆಯಬೇಕಾಗಿಲ್ಲ. ಆದರೆ ತೆರೆಯದೆ ಇಟ್ಟರೆ ಅದೂ ಜಗಲಿಯ ಮೇಲಿನ ಗಂಟೇ ಸರಿ. ಪರೀಕ್ಷೆಗೆ ಬೇಕಾದ ಪ್ರಶ್ನೋತ್ತರಗಳನ್ನಷ್ಟೇ ಉರುಹೊಡೆದು ಮುಚ್ಚಿಡುವ ಪಠ್ಯಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. ಈ ವರ್ಷದ ಖಂಡೇಪೂಜೆಯಲ್ಲಿ ನಿಮ್ಮ ಪುಸ್ತಕಗಳಿಗೆ ಅವಶ್ಯವಾಗಿ ಹೂವೇರಿಸಿರಿ. ಮರುದಿನ ಆ ಹೂವನ್ನು ತೆಗೆದಿಟ್ಟು, ನಿಮಗೆ ಯಾರೂ ಓದಲು ಹೇಳದಿರುವ ಒಂದು ಪುಸ್ತಕವನ್ನು ಮೊದಲ ಪುಟದಿಂದ ಓದಲು ತೊಡಗಿರಿ.