ಹಾಲಿನ ಜೊತೆ ಮೇವನ್ನೂ ತೂಗೋಣ

ಡೈರಿಗೆ ಹಾಲು ಹಾಕುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಲ್ಲಿ ಒಂದು ಮನವಿ.

ದಿನಕ್ಕೆರಡು ಸಲ ನಮ್ಮ ಹಾಲನ್ನು ತೂಗುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಯಂತ್ರ ತೋರಿಸುತ್ತದೆ. ಎಸ್‌ಎನ್‌ಎಫ್ 8.5ಕ್ಕಿಂತ ಚೂರು ಇಳಿದರೂ ನಮ್ಮ ಮುಖ ಬಾಡುತ್ತದೆ. ಆದರೆ ಅಷ್ಟು ಹಾಲು ಕೊಡಲು ಹಸು ಏನು, ಎಷ್ಟು ತಿಂದಿತು ಎಂದು ಯಾರಾದರೂ ಕೇಳಿದರೆ, ‘ಎರಡು ಹೊರೆ ಹುಲ್ಲು, ಎರಡು ಡಬ್ಬ ಫೀಡು’ ಎನ್ನುತ್ತೇವೆ. ಹೊರೆ ಎಷ್ಟು ದೊಡ್ಡದು ಎನ್ನುವುದು ಕಟ್ಟಿದವರ ಮೇಲೆ ಹೋಗುತ್ತದೆ. ಅದೇ ಡಬ್ಬದಲ್ಲಿ ಬೂಸಾ ತುಂಬಿದರೆ ಒಂದು ತೂಕ, ಹಿಂಡಿ ತುಂಬಿದರೆ ಇನ್ನೊಂದು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಸುಮಾರು ಶೇ 60ರಿಂದ 70ರಷ್ಟು ಮೇವು-ಹಿಂಡಿಗೇ ಹೋಗುತ್ತದೆ. ಇಷ್ಟು ದೊಡ್ಡ ಖರ್ಚಿಗೆ ನಮ್ಮಲ್ಲಿ ಲೆಕ್ಕವೇ ಇಲ್ಲ.

ನಾನು ಕೇಳುವುದು ಇಷ್ಟೇ: ವಾರಕ್ಕೊಂದು ದಿನ, ಪ್ರತಿ ಹಸುವಿನ ಮುಂದೆ ಹಾಕುವುದನ್ನು ತೂಗಿ ಬರೆದಿಡಿ.

ಕೊಕ್ಕೆಗೆ ನೇತುಹಾಕಿ ತೂಗುವ ಒಂದು ತಕ್ಕಡಿ ಸಾಕು. ಹಸಿಹುಲ್ಲು, ಒಣಹುಲ್ಲು, ಪಶು ಆಹಾರ ಮೂರನ್ನೂ ಬೇರೆಬೇರೆ ತೂಗಿ. ಮಾರನೆಯ ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನೂ ತೂಗಿ ಕಳೆಯಿರಿ. ಇಲ್ಲಿ ಒಂದು ಮಾತು ನೆನಪಿರಲಿ, ಹಸಿಹುಲ್ಲಿನಲ್ಲಿ ನೀರೇ ಹೆಚ್ಚು. 20 ಕಿಲೋ ಸೀಮೆಹುಲ್ಲಿನಲ್ಲಿ ನೀರು ಬಿಟ್ಟರೆ ಉಳಿಯುವುದು ಸುಮಾರು 4 ಕಿಲೋ. ರಾಗಿಹುಲ್ಲು ಮತ್ತು ಪಶು ಆಹಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಣ ಪದಾರ್ಥವೇ. ಒಂದು ಹಸು 20 ಕಿಲೋ ಸೀಮೆಹುಲ್ಲು, 4 ಕಿಲೋ ರಾಗಿಹುಲ್ಲು, 5 ಕಿಲೋ ಫೀಡು ತಿಂದಿತು ಎನ್ನಿ. ಒಣ ತೂಕದಲ್ಲಿ ಅದು 12.1 ಕಿಲೋ. ಹಾಲು 10 ಕಿಲೋ ಕೊಟ್ಟಿದ್ದರೆ, ಹತ್ತನ್ನು 12.1ರಿಂದ ಭಾಗಿಸಿ. ಬರುವುದು 0.83. ಪಕ್ಕದ ಗೂಟದ ಹಸು ಅಷ್ಟೇ ಹಾಲನ್ನು 10 ಕಿಲೋ ಒಣ ತೂಕದಲ್ಲಿ ಕೊಟ್ಟರೆ ಅದರ ಲೆಕ್ಕ 1. ಎರಡರ ಹಾಲೂ ಡೈರಿ ಪುಸ್ತಕದಲ್ಲಿ ಒಂದೇ ಸಮ ಕಾಣುತ್ತದೆ. ಕೊಟ್ಟಿಗೆಯಲ್ಲಿ ಮಾತ್ರ ತಿಂಗಳಿಗೆ 60 ಕಿಲೋಗೂ ಹೆಚ್ಚು ಮೇವಿನ ವ್ಯತ್ಯಾಸ.

ಹಾಲಿನ ಕೊಬ್ಬು ಬೇರೆಬೇರೆ ಇದ್ದರೆ ಮೊದಲು ಸರಿತೂಗಿಸಬೇಕು. ಹಾಲಿನ ತೂಕವನ್ನು 0.4ರಿಂದ, ಅದರಲ್ಲಿನ ಕೊಬ್ಬಿನ ತೂಕವನ್ನು 15ರಿಂದ ಗುಣಿಸಿ ಕೂಡಿದರೆ, ಅದು ಶೇ 4 ಕೊಬ್ಬಿನ ಎಷ್ಟು ಹಾಲಿಗೆ ಸಮ ಎಂದು ತಿಳಿಯುತ್ತದೆ. ಶೇ 3.5 ಕೊಬ್ಬಿನ 10 ಕಿಲೋ ಹಾಲು ಹೀಗೆ 9.25 ಕಿಲೋ ಆಗುತ್ತದೆ. ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಹಾಲನ್ನು ಒಣ ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯೊಂದನ್ನೇ ನಂಬಿ ಹಸುವಿಗೆ ಬೆಲೆ ಕಟ್ಟಬೇಡಿ ಎಂದೂ ಬೇಡಿಕೊಳ್ಳುತ್ತೇನೆ. ಈದ ಹೊಸದರಲ್ಲಿ ಹಸು ತಿನ್ನುವುದು ಕಡಿಮೆ. ಮೈಯಲ್ಲಿದ್ದ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಆಗ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ, ಹಸು ಮಾತ್ರ ಸೊರಗುತ್ತಿರುತ್ತದೆ, ಆಮೇಲೆ ಗಬ್ಬ ಕಟ್ಟದೆ ಸತಾಯಿಸುತ್ತದೆ. ಅದಕ್ಕಾಗಿ ತಿಂಗಳಿಗೊಮ್ಮೆ ಮೈತೂಕವನ್ನೂ ನೋಡಬೇಕು. ದರ್ಜಿಯ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಭುಜದ ಮುಂತುದಿಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ ತೆಗೆಯಿರಿ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 58 ಇಂಚು ಇದ್ದರೆ ಸುಮಾರು 383 ಕಿಲೋ. ಕರೆಯುವ ಹಸು ಸಾಮಾನ್ಯವಾಗಿ ಮೈತೂಕದ ಶೇ 2.5ರಿಂದ 3ರಷ್ಟು ಒಣ ಮೇವು ತಿನ್ನುತ್ತದೆ. ನಿಮ್ಮ ತೂಕದ ಲೆಕ್ಕ ಇದರಿಂದ ತೀರ ದೂರವಿದ್ದರೆ, ಎಲ್ಲೋ ಚೆಲ್ಲಿಹೋಗುತ್ತಿದೆ ಅಥವಾ ಹಸುವಿಗೆ ಹೊಟ್ಟೆ ತುಂಬುತ್ತಿಲ್ಲ.

ಎಲ್ಲಿ ಚೆಲ್ಲಿಹೋಗುತ್ತದೆ ಎನ್ನುವುದು ತೂಗಲು ಶುರುಮಾಡಿದ ಮೇಲೆ ತಾನಾಗಿ ಕಾಣುತ್ತದೆ. ಜೋಳದ ಕಡ್ಡಿಯನ್ನು ಇಡಿಯಾಗಿ ಹಾಕಿದರೆ ಎಲೆ ತಿಂದು ದಂಟು ಬಿಡುತ್ತದೆ, ಎಳೆದು ಕಾಲಡಿ ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಉಳಿಯುವುದು ತೀರ ಕಡಿಮೆ. ಹನ್ನೆರಡು ಲೀಟರ್ ಕೊಡುವುದಕ್ಕೂ ನಾಲ್ಕು ಲೀಟರ್‌ಗೆ ಇಳಿದದ್ದಕ್ಕೂ ಒಂದೇ ಡಬ್ಬ ಸುರಿಯುವ ರೂಢಿ ಬಹಳ ಮನೆಗಳಲ್ಲಿದೆ. ಮಿಶ್ರತಳಿ ಹಸುವಿಗೆ ಮೈ ಕಾಪಾಡಲು ಒಂದೂವರೆ-ಎರಡು ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಎನ್ನುವುದು ವಾಡಿಕೆಯ ಅಂದಾಜು. ಒಳ್ಳೆಯ ಹಸಿಮೇವಿದ್ದರೆ ಇನ್ನೂ ಇಳಿಸಬಹುದು. ಬದಲಾವಣೆ ಏನೇ ಇರಲಿ, ಎರಡು-ಮೂರು ವಾರ ತೆಗೆದುಕೊಂಡು ನಿಧಾನವಾಗಿ ಮಾಡಿ. ಮೇವನ್ನು ಕರಗಿಸುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲಿ ಹೊಸ ಆಹಾರಕ್ಕೆ ಹೊಂದಿಕೊಳ್ಳಬೇಕು. ಹಬ್ಬದ ಮಾರನೆಯ ದಿನ ಮಿಕ್ಕ ಅನ್ನವನ್ನೆಲ್ಲ ಕಲಗಚ್ಚಿಗೆ ಸುರಿದು ಕುಡಿಸಿದರೆ ಹೊಟ್ಟೆ ಹುಳಿಯಾಗಿ ಹಸು ಸತ್ತೇ ಹೋಗಬಹುದು. ನೀರು ಸದಾ ಬಾಯಿಗೆ ಎಟುಕುವಂತಿರಲಿ. ಖನಿಜ ಮಿಶ್ರಣ ತಪ್ಪಿಸಬೇಡಿ.

ಇದೇನೂ ಹೊಸ ವಿಚಾರವಲ್ಲ. 2012ರಲ್ಲಿ ಶುರುವಾದ ರಾಷ್ಟ್ರೀಯ ಡೈರಿ ಯೋಜನೆಯಲ್ಲಿ ಸಮತೋಲಿತ ಆಹಾರದ ಕಾರ್ಯಕ್ರಮವಿತ್ತು. ತರಬೇತಿ ಪಡೆದ ಊರಿನವರೇ ಟೇಪು, ತಕ್ಕಡಿ ಹಿಡಿದು ಮನೆಮನೆಗೆ ಹೋಗಿ, ಇರುವ ಮೇವಿನಲ್ಲೇ ಕಡಿಮೆ ಖರ್ಚಿನ ಆಹಾರ ಹೇಳಿಕೊಡುತ್ತಿದ್ದರು. ಬೆಂಗಳೂರಿನ ಆಡುಗೋಡಿಯಲ್ಲಿ ಜಾನುವಾರುಗಳ ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ. ಜ್ಞಾನ ನಮ್ಮ ರಾಜ್ಯದಲ್ಲೇ ಇದೆ. ಕೊಟ್ಟಿಗೆಯ ಲೆಕ್ಕ ಅಲ್ಲಿಗೆ ತಲುಪಬೇಕು.

ತಳಿಯ ಮಾತೂ ಇದೆ. ಒಂದೇ ಮೈತೂಕ, ಒಂದೇ ಇಳುವರಿಯ ಎರಡು ಪ್ರಾಣಿಗಳಲ್ಲಿ ಒಂದು ಕಡಿಮೆ ತಿನ್ನುತ್ತದೆ, ಅದರಲ್ಲಿ ಒಂದು ಪಾಲು ಹುಟ್ಟಿನಿಂದ ಬಂದ ಗುಣ. ಅಮೆರಿಕದ ರಾಬರ್ಟ್ ಕೋಚ್ ಮತ್ತು ಸಂಗಡಿಗರು ದನಗಳಲ್ಲಿ ಇದನ್ನು ಅಳೆಯುವ ದಾರಿಯನ್ನು 1963ರಲ್ಲೇ ತೋರಿಸಿದರು. ಆಸ್ಟ್ರೇಲಿಯದಲ್ಲಿ 2015ರಿಂದ, ಅಮೆರಿಕದಲ್ಲಿ 2020ರಿಂದ ಹೋರಿಯ ಗುಣಪಟ್ಟಿಯಲ್ಲಿ ‘ಉಳಿಯುವ ಮೇವು’ ಎನ್ನುವ ಅಂಕಿಯೂ ಇದೆ. ನಮ್ಮ ತಕ್ಕಡಿಯ ಲೆಕ್ಕ ಹೋರಿ ಆರಿಸಲು ಸಾಲದು, ಅದಕ್ಕೆ ಸಂಶೋಧನಾ ಕೇಂದ್ರಗಳ ನಿಖರತೆ ಬೇಕು. ಆದರೆ ಮಳೆ ಕೈಕೊಟ್ಟಾಗ ಮೇವಿಗೆ ಪರದಾಡುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ರೈತರು ‘ನಮಗೂ ಅಂಥ ಹೋರಿ ಬೇಕು’ ಎಂದು ಕೇಳದಿದ್ದರೆ ಯಾರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಸಂಘಗಳಲ್ಲಿ ನನ್ನ ಕೋರಿಕೆ: ಒಂದು ತಕ್ಕಡಿ, ಎರಡು ಟೇಪು ಕೊಂಡು ಸದಸ್ಯರಿಗೆ ಸರದಿಯ ಮೇಲೆ ಕೊಡಿ. ಕಿವಿಯೋಲೆಯ 12 ಅಂಕಿ, ಹಾಲು, ಒಣ ತೂಕ, ಮೈತೂಕ, ಈದ ದಿನಾಂಕ, ಈ ಐದು ಕಾಲಂಗಳ ಒಂದು ಪುಸ್ತಕ ಇಡಿ. ಬಟವಾಡೆಯ ದಿನ ಎಲ್ಲರೂ ಸೇರಿರುತ್ತಾರೆ, ಆಗ ಅದನ್ನು ಓದಿ ಹೇಳಿ. ಕಡಿಮೆ ಬಂದವರನ್ನು ಹಂಗಿಸಬೇಡಿ, ಹೆಚ್ಚು ಬಂದವರ ಕೊಟ್ಟಿಗೆಗೆ ಎಲ್ಲರನ್ನೂ ಕರೆದೊಯ್ಯಿರಿ. ಆ ಪುಸ್ತಕವನ್ನು ಒಕ್ಕೂಟದ ಪಶುವೈದ್ಯರ ಮುಂದಿಟ್ಟು ಸಲಹೆ ಕೇಳಿ. ಸದಸ್ಯರೂ ಅಷ್ಟೆ, ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಬೋನಸ್‌ ಮಾತು ಮುಗಿದ ಮೇಲೆ ಎದ್ದು ಹೋಗಬೇಡಿ. ಮೇವಿನ ಲೆಕ್ಕದ ಪುಸ್ತಕ ಇಡಬೇಕೆಂದು ಒಂದು ನಿರ್ಣಯ ಮಂಡಿಸಿ, ನಡಾವಳಿಯಲ್ಲಿ ಬರೆಸಿ.